ಪ್ಲೇನ್ ಮೇಕರ್‌ನಲ್ಲಿ ನನ್ನ ಮೊದಲ ವಿಮಾನ: ಬಳಸಿ ನೋಡಿ ಬರೆದ ವಿಮರ್ಶೆ

ಬೇರೆಯವರು ಕಟ್ಟಿಕೊಟ್ಟ ವಿಮಾನಗಳನ್ನು ಸಿಮ್ಯುಲೇಟರಿನಲ್ಲಿ ಹಲವು ವರ್ಷ ಹಾರಿಸಿದ ಮೇಲೆ, ಅವು ಹಾಗೇಕೆ ಹಾರುತ್ತವೆ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿತು. ಅದಕ್ಕೆ ಉತ್ತರ ಹುಡುಕಲು ಸ್ವಂತದ್ದೊಂದು ವಿಮಾನವನ್ನು ಕಟ್ಟುವುದಕ್ಕಿಂತ ನೇರವಾದ ದಾರಿ ಕಾಣಲಿಲ್ಲ. ನಾನು ಆರಿಸಿಕೊಂಡ ಸಲಕರಣೆ ಎಕ್ಸ್-ಪ್ಲೇನ್ 12 ಎಂಬ ಹಾರಾಟದ ಸಿಮ್ಯುಲೇಟರಿನ ಜೊತೆಯಲ್ಲೇ ಬರುವ ಪ್ಲೇನ್ ಮೇಕರ್. ಕಟ್ಟಿದ್ದು ಪೈಪರ್ ಜೆ-3 ಕಬ್ ಎಂಬ ಪುಟ್ಟ ವಿಮಾನ. ನಾಲ್ಕು ತಿಂಗಳ ಬಿಡುವಿನ ವೇಳೆಯನ್ನು ಅದಕ್ಕೆ ಕೊಟ್ಟ ಬಳಿಕ ನನ್ನ ಅಭಿಪ್ರಾಯ ಇಷ್ಟು: ಹಾರಾಟದ ಹಿಂದಿರುವ ಕಾರಣಗಳನ್ನು ಅರಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಕಾರ್ಯಾಗಾರ ಇಲ್ಲ, ಆದರೆ ಆಕಾರ, ತೂಕ, ಶಕ್ತಿ ಎಂಬ ಕ್ರಮವನ್ನು ಬಿಡದೆ ಅನುಸರಿಸುವ ಮತ್ತು ಚೆಂದದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವ ತಾಳ್ಮೆ ಇರಬೇಕು.

ಈ ತಂತ್ರಾಂಶದ ನಿಜವಾದ ಹೆಚ್ಚುಗಾರಿಕೆ ಅದರ ಹಿಂದಿನ ಲೆಕ್ಕದಲ್ಲಿದೆ. ಆಸ್ಟಿನ್ ಮೆಯರ್ ಅವರ ಲ್ಯಾಮಿನಾರ್ ರಿಸರ್ಚ್ ಸಂಸ್ಥೆ 1995ರಲ್ಲಿ ಹೊರತಂದ ಎಕ್ಸ್-ಪ್ಲೇನ್ ಮೊದಲಿನಿಂದಲೂ ಬ್ಲೇಡ್ ಎಲಿಮೆಂಟ್ ಸಿದ್ಧಾಂತವನ್ನು ಆಧರಿಸಿದೆ. ಹಡಗುಗಳ ಪ್ರೊಪೆಲ್ಲರ್ ಅನ್ನು ಅರ್ಥ ಮಾಡಿಕೊಳ್ಳಲು 1878ರಲ್ಲಿ ವಿಲಿಯಂ ಫ್ರೂಡ್ ಮುಂದಿಟ್ಟ ಈ ವಿಧಾನದಲ್ಲಿ ಅಲಗನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಭಜಿಸಿ, ಪ್ರತಿ ತುಂಡಿನ ಮೇಲೆ ಬೀಳುವ ಬಲವನ್ನು ಬೇರೆಯಾಗಿ ಲೆಕ್ಕ ಹಾಕಿ, ಎಲ್ಲವನ್ನೂ ಕೂಡಿಸಲಾಗುತ್ತದೆ. ಎಕ್ಸ್-ಪ್ಲೇನ್ ಇದೇ ಕೆಲಸವನ್ನು ರೆಕ್ಕೆ, ಬಾಲ, ಪ್ರೊಪೆಲ್ಲರ್ ಎಲ್ಲಕ್ಕೂ ಸೆಕೆಂಡಿಗೆ ಹಲವು ಬಾರಿ ಮಾಡುತ್ತದೆ. ಹಾಗಾಗಿ ಪ್ಲೇನ್ ಮೇಕರ್‌ನಲ್ಲಿ ‘ಈ ವಿಮಾನ ಇಷ್ಟು ವೇಗದಲ್ಲಿ ಸ್ಟಾಲ್ ಆಗಲಿ’ ಎಂದು ಬರೆಯುವ ಜಾಗವೇ ಇಲ್ಲ (ಸ್ಟಾಲ್ ಎಂದರೆ ವೇಗ ತೀರ ಕಡಿಮೆಯಾಗಿ ರೆಕ್ಕೆ ವಿಮಾನವನ್ನು ಹೊರಲಾರದೆ ಸೋಲುವುದು). ರೆಕ್ಕೆ ಎಷ್ಟು ಉದ್ದ, ಎಷ್ಟು ಅಗಲ, ಅದರ ಅಡ್ಡಕೊಯ್ತ ಎಂಥದ್ದು, ತೂಕ ಎಲ್ಲಿದೆ ಎಂಬುದನ್ನು ಹೇಳಬೇಕು. ಸ್ಟಾಲ್ ವೇಗ ಅದರಿಂದ ತಾನಾಗಿ ಹುಟ್ಟಬೇಕು. ಕೊಟ್ಟ ಆಕಾರ ತಪ್ಪಾಗಿದ್ದರೆ ಹಾರಾಟವೂ ತಪ್ಪುತ್ತದೆ, ಮತ್ತು ಆ ತಪ್ಪಿಗೆ ಯಾವಾಗಲೂ ಹುಡುಕಿ ಹಿಡಿಯಬಹುದಾದ ಒಂದು ಕಾರಣವಿರುತ್ತದೆ. ಕಲಿಯುವವನಿಗೆ ಇದಕ್ಕಿಂತ ಬೆಲೆಯುಳ್ಳ ಗುಣ ಇನ್ನೊಂದಿಲ್ಲ.

ಕಬ್ ಅನ್ನು ಆರಿಸಲು ಕಾರಣ ಅದರ ಸರಳತೆ. ಬುಡದಿಂದ ತುದಿಯ ಬಾಗುವಿಕೆ ಶುರುವಾಗುವವರೆಗೂ ಒಂದೇ ಅಗಲದ ನೇರ ರೆಕ್ಕೆ, ಒಳಗೆ ಮಡಚಿಕೊಳ್ಳದ ಚಕ್ರಗಳು, ಒಂದೇ ಎಂಜಿನ್, ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಫ್ಲಾಪ್‌ಗಳೇ ಇಲ್ಲ. ಅದರ ಅಂಕಿಗಳೂ ಚೆನ್ನಾಗಿ ದಾಖಲಾಗಿವೆ: ರೆಕ್ಕೆಗಳ ತುದಿಯಿಂದ ತುದಿಗೆ 35 ಅಡಿ 3 ಅಂಗುಲ, ಉದ್ದ 22 ಅಡಿ 5 ಅಂಗುಲ, ರೆಕ್ಕೆಯ ವಿಸ್ತೀರ್ಣ 178.5 ಚದರ ಅಡಿ, ಖಾಲಿ ತೂಕ 765 ಪೌಂಡ್, ಗರಿಷ್ಠ ತೂಕ 1,220 ಪೌಂಡ್, ನಿಮಿಷಕ್ಕೆ 2,300 ಸುತ್ತುಗಳಲ್ಲಿ 65 ಅಶ್ವಶಕ್ತಿ ಕೊಡುವ ಕಾಂಟಿನೆಂಟಲ್ ಎ-65 ಎಂಜಿನ್. ಮೊದಲ ವಿಮಾನಕ್ಕೆ ಜೆಟ್ ಯುದ್ಧ ವಿಮಾನವನ್ನೋ ದೊಡ್ಡ ಪ್ರಯಾಣಿಕ ವಿಮಾನವನ್ನೋ ಆರಿಸಿಕೊಂಡವರು ರೆಕ್ಕೆಯನ್ನು ಸರಿಪಡಿಸುವ ಮುನ್ನವೇ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಸಿಕ್ಕಿಕೊಂಡು ಕೆಲಸ ಬಿಡುತ್ತಾರೆ. ಅಳತೆಗಳೆಲ್ಲ ಒಂದು ಪುಟದಲ್ಲಿ ಹಿಡಿಯುವ ವಿಮಾನದಿಂದ ಆರಂಭಿಸುವುದು ಒಳ್ಳೆಯದು.

ಅಳತೆಯ ನಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಮೇಲಿನಿಂದ, ಬದಿಯಿಂದ, ಮುಂದಿನಿಂದ ನೋಡಿದ ಮೂರು ನೋಟಗಳ ನಕ್ಷೆಯೊಂದನ್ನು ನಾನು ಹಣ ಕೊಟ್ಟು ತರಿಸಿಕೊಂಡಿದ್ದೆ. ರೇಖೆಗಳು ಬಹಳ ಅಂದವಾಗಿದ್ದವು. ಆದರೆ ಕಬ್‌ನ ರೆಕ್ಕೆಗಳ ತುದಿಯಿಂದ ತುದಿಗಿರುವ ಅಳತೆಯನ್ನು ವಿಮಾನದ ಉದ್ದದಿಂದ ಭಾಗಿಸಿದರೆ 1.57 ಬರಬೇಕಾದಲ್ಲಿ, ಆ ನಕ್ಷೆಯಲ್ಲಿ 1.5 ಬರುತ್ತಿತ್ತು. ಅಂದರೆ ಯಾವುದೋ ಹಂತದಲ್ಲಿ ಚಿತ್ರ ಒಂದು ದಿಕ್ಕಿನಲ್ಲಿ ಹಿಗ್ಗಿತ್ತು. ಈ ಭಾಗಾಕಾರವನ್ನು ಮೊದಲ ದಿನವೇ ಮಾಡಿದ್ದರೆ ಎರಡು ವಾರದ ಕೆಲಸ ಉಳಿಯುತ್ತಿತ್ತು. ಯಾವ ನಕ್ಷೆಯನ್ನು ತಂದರೂ ದಾಖಲಾದ ಎರಡು ಅಳತೆಗಳೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಅದರಿಂದ ಮೂರನೆಯದನ್ನು ಅಳೆಯಬೇಕು.

ಪ್ಲೇನ್ ಮೇಕರ್‌ನಲ್ಲಿ ವಿಮಾನದ ಪ್ರತಿ ಭಾಗದ ಸ್ಥಾನವನ್ನೂ ಒಂದು ಆಧಾರ ಬಿಂದುವಿನಿಂದ ಅಳೆದು ಹೇಳಬೇಕು: ಎಷ್ಟು ಹಿಂದೆ, ಎಷ್ಟು ಬದಿಗೆ, ಎಷ್ಟು ಮೇಲೆ. ಬಿಂದು ಎಲ್ಲಿರಬೇಕೆಂಬುದು ನಮ್ಮ ಇಷ್ಟ; ನಾನು ಪ್ರೊಪೆಲ್ಲರಿನ ನಡುವನ್ನು ಇಟ್ಟುಕೊಂಡೆ. ಅಳತೆಗಳು ಅಡಿಗಳಲ್ಲಿ, ಅದೂ ದಶಮಾಂಶದಲ್ಲಿ. 35 ಅಡಿ 3 ಅಂಗುಲವೆಂದರೆ 35.3 ಅಲ್ಲ, 35.25 ಎಂಬುದನ್ನು ಬೆರಳುಗಳಿಗೆ ಅಭ್ಯಾಸ ಮಾಡಿಸಬೇಕಾಯಿತು. ಇದಕ್ಕಿಂತ ಆಳವಾದ ತಪ್ಪು ರೆಕ್ಕೆಯ ಅರ್ಧ ಉದ್ದದಲ್ಲಾಯಿತು. ಒಟ್ಟು ಅಳತೆಯ ಅರ್ಧ 17.625 ಅಡಿ, ನಾನು ಅದನ್ನೇ ಒಂದು ರೆಕ್ಕೆಯ ಉದ್ದವಾಗಿ ಕೊಟ್ಟೆ. ಆದರೆ ರೆಕ್ಕೆಯ ಬುಡವನ್ನು ವಿಮಾನದ ನಡುಗೆರೆಯಿಂದ 1.2 ಅಡಿ ಬದಿಗೆ ಇಟ್ಟಿದ್ದರಿಂದ, ಎರಡೂ ಬದಿ ಸೇರಿ ವಿಮಾನ 37.65 ಅಡಿ ಅಗಲವಾಯಿತು. ರೆಕ್ಕೆಯ ಅಗಲ 5.25 ಅಡಿ ಇರುವುದರಿಂದ ಸುಮಾರು 12.6 ಚದರ ಅಡಿ ವಿಸ್ತೀರ್ಣ ಎಲ್ಲಿಂದಲೋ ಬಂದು ಸೇರಿಕೊಂಡಿತು. ಪರದೆಯ ಮೇಲೆ ಇದು ಕಣ್ಣಿಗೆ ಬೀಳುವುದಿಲ್ಲ. ಹಾರಾಟದಲ್ಲಿ ಮಾತ್ರ ವಿಮಾನ ಇಳಿಯಲು ಒಪ್ಪದೆ ತೇಲುತ್ತಲೇ ಇರುತ್ತದೆ.

ರೆಕ್ಕೆಯ ಅಡ್ಡಕೊಯ್ತವನ್ನು ಏರ್‌ಫಾಯಿಲ್ ಎನ್ನುತ್ತಾರೆ. ನಿಜವಾದ ಕಬ್‌ನಲ್ಲಿರುವುದು ಯುಎಸ್‌ಎ 35ಬಿ ಎಂಬ ಹಳೆಯ ಏರ್‌ಫಾಯಿಲ್. ನಾನು ಎಕ್ಸ್-ಪ್ಲೇನ್ ಜೊತೆಗೇ ಬರುವ ನಾಕಾ 2412ರಿಂದ ಆರಂಭಿಸಿದೆ. ಆ ಹೆಸರಿನ ಅಂಕಿಗಳಲ್ಲೇ ಆಕಾರವಿದೆ: ರೆಕ್ಕೆಯ ಅಗಲದ 2% ಬಾಗು, ಆ ಬಾಗು ಅತಿ ಹೆಚ್ಚಾಗುವುದು ಮುಂಭಾಗದಿಂದ 40% ದೂರದಲ್ಲಿ, ದಪ್ಪ 12%. ಇದನ್ನು ಆರಿಸಲು ಕಾರಣ, ಗಾಳಿಸುರಂಗದಲ್ಲಿ ಇದರ ವರ್ತನೆಯನ್ನು ಅಳೆದ ದಾಖಲೆ 1933ರಿಂದಲೇ ಎಲ್ಲರಿಗೂ ಲಭ್ಯವಿರುವುದು. ಜೊತೆಗೆ ಬರುವ ಏರ್‌ಫಾಯಿಲ್ ಮೇಕರ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಮೇಲೆತ್ತುವ ಬಲವಾದ ಲಿಫ್ಟ್, ಗಾಳಿಯ ತಡೆಯಾದ ಡ್ರ್ಯಾಗ್ ಮತ್ತು ಮೂಗನ್ನು ತಿರುಗಿಸುವ ಬಲ ಮೂರಕ್ಕೂ ಒಂದೊಂದು ವಕ್ರರೇಖೆ ಕಾಣುತ್ತದೆ. ರೆಕ್ಕೆ ಹಿಂದುಮುಂದಾಗಿ ಗಾಳಿಗೆ ಸಿಕ್ಕರೂ ಲೆಕ್ಕ ನಿಲ್ಲಬಾರದೆಂದು ಆ ರೇಖೆಗಳು ಪೂರ್ತಿ 360 ಡಿಗ್ರಿಗಳಿಗೂ ಹರಡಿವೆ. ಗಾಳಿಯ ವೇಗಕ್ಕೂ ರೆಕ್ಕೆಯ ಅಗಲಕ್ಕೂ ಸಂಬಂಧಿಸಿದ ರೆನಾಲ್ಡ್ಸ್ ಸಂಖ್ಯೆಯನ್ನೂ ಇಲ್ಲಿ ಗಮನಿಸಬೇಕು. ನಿಧಾನವಾಗಿ ಹಾರುವ ಕಬ್‌ಗೆ ಅದು ಸುಮಾರು 19 ಲಕ್ಷ. ದೊಡ್ಡ, ವೇಗದ ವಿಮಾನಕ್ಕಾಗಿ ಮಾಡಿದ ರೇಖೆಯನ್ನು ತಂದು ಹಾಕಿದರೆ ರೆಕ್ಕೆ ಇರುವುದಕ್ಕಿಂತ ಸಮರ್ಥವಾಗಿ ಕಾಣುತ್ತದೆ.

ಇನ್ನು ನಾನು ಅತಿ ಹೆಚ್ಚು ಕಲಿತ ಭಾಗಕ್ಕೆ ಬರುತ್ತೇನೆ. ಕಬ್‌ನ ಸ್ಟಾಲ್ ವೇಗ ಗಂಟೆಗೆ 38 ಮೈಲಿ ಎಂದು ಎಲ್ಲ ಕಡೆ ಬರೆದಿರುತ್ತದೆ. ಅಳತೆಗಳನ್ನೆಲ್ಲ ತಿದ್ದಿದ ಮೇಲೂ ನನ್ನ ವಿಮಾನ 42 ಮೈಲಿಗೇ ಸ್ಟಾಲ್ ಆಗುತ್ತಿತ್ತು. ಏರ್‌ಫಾಯಿಲಿನ ಗರಿಷ್ಠ ಲಿಫ್ಟ್ ಅಂಕಿಯನ್ನು ಸ್ವಲ್ಪ ಏರಿಸಿದರೆ 38 ಸಿಕ್ಕಿಬಿಡುತ್ತಿತ್ತು. ಕೈ ಅಲ್ಲಿಯವರೆಗೂ ಹೋಗಿತ್ತು. ಅದರ ಬದಲು ಕಾಗದದ ಮೇಲೆ ಲೆಕ್ಕ ಹಾಕಿದೆ. 1,220 ಪೌಂಡ್ ತೂಕವನ್ನು 178.5 ಚದರ ಅಡಿ ರೆಕ್ಕೆ 38 ಮೈಲಿ ವೇಗದಲ್ಲಿ ಹೊರಬೇಕಾದರೆ ಲಿಫ್ಟ್ ಗುಣಾಂಕ 1.85 ಇರಬೇಕು. ಫ್ಲಾಪ್ ಇಲ್ಲದ ಇಂಥ ಸಾದಾ ರೆಕ್ಕೆಗೆ ಅದು ನಂಬಲಾಗದಷ್ಟು ಹೆಚ್ಚು, 1.5ರ ಆಸುಪಾಸಿನಲ್ಲಿದ್ದರೆ ಸಹಜ. 1.5 ಇಟ್ಟು ಮತ್ತೆ ಲೆಕ್ಕ ಹಾಕಿದರೆ ಸರಿಯಾಗಿ 42 ಮೈಲಿ ಬಂತು. ಆಗ ತೂಕದ ಕಡೆಗೆ ಯೋಚನೆ ಹೋಯಿತು. ಖಾಲಿ ವಿಮಾನ 765, ಒಬ್ಬ ಚಾಲಕ 170, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಂಧನ 45, ಒಟ್ಟು 980 ಪೌಂಡ್. ಸ್ಟಾಲ್ ವೇಗ ತೂಕದ ವರ್ಗಮೂಲಕ್ಕೆ ಅನುಗುಣವಾಗಿ ಬದಲಾಗುವುದರಿಂದ, ಈ ತೂಕದಲ್ಲಿ ಅದು 38ಕ್ಕೆ ಇಳಿಯುತ್ತದೆ. ಸಿಮ್ಯುಲೇಟರಿನಲ್ಲಿ ಒಬ್ಬನೇ ಕುಳಿತು, ಇಂಧನ ಕಡಿಮೆ ಮಾಡಿ ಹಾರಿಸಿ ನೋಡಿದೆ. 38ರಲ್ಲೇ ಮೂಗು ಕೆಳಗೆ ಬಿತ್ತು. ಮೂಗು ಬಹಳ ಮೇಲೆತ್ತಿದ ಸ್ಥಿತಿಯಲ್ಲಿ ವೇಗಮಾಪಕ ನಿಜಕ್ಕಿಂತ ಕಡಿಮೆ ತೋರಿಸುವುದೂ ಇಂಥ ಹಳೆಯ ವಿಮಾನಗಳಲ್ಲಿ ಉಂಟು. ಆ ದಿನ ಏರ್‌ಫಾಯಿಲಿನ ಅಂಕಿಯನ್ನು ತಿದ್ದಿದ್ದರೆ ವಿಮಾನ ಪುಸ್ತಕದ ಒಂದು ಸಂಖ್ಯೆಗೆ ಹೊಂದಿಕೊಂಡು, ಉಳಿದ ಎಲ್ಲದರಲ್ಲೂ ಸುಳ್ಳಾಗುತ್ತಿತ್ತು.

ಗುರುತ್ವ ಕೇಂದ್ರದ ವಿಚಾರವೂ ಇಷ್ಟೇ ಗಂಭೀರವಾದದ್ದು. ಮೊದಲ ಹಾರಾಟದಲ್ಲಿ ನೆಲ ಬಿಟ್ಟ ಕೂಡಲೇ ವಿಮಾನ ಮೂಗನ್ನು ಮೇಲೆತ್ತುತ್ತಾ ಹೋಯಿತು. ಕೋಲನ್ನು ಪೂರ್ತಿ ಮುಂದಕ್ಕೆ ತಳ್ಳಿದರೂ ನಿಲ್ಲಲಿಲ್ಲ. ಕಾರಣ ಹುಡುಕಿದಾಗ, ಉಳಿದೆಲ್ಲವನ್ನೂ ಪ್ರೊಪೆಲ್ಲರಿನಿಂದ ಅಳೆದಿದ್ದ ನಾನು ತೂಕದ ಒಂದು ಅಳತೆಯನ್ನು ಮಾತ್ರ ರೆಕ್ಕೆಯ ಅಂಚಿನಿಂದ ಅಳೆದಿದ್ದುದು ಕಂಡಿತು. ಅದರಿಂದ ಕೇಂದ್ರ ರೆಕ್ಕೆಯ ಅಗಲದ ಅರ್ಧದವರೆಗೂ ಹಿಂದೆ ಸರಿದಿತ್ತು. ವಿಮಾನ ತಾನಾಗಿ ಸಮತೋಲನಕ್ಕೆ ಮರಳಬೇಕಾದರೆ ಈ ಕೇಂದ್ರ ನ್ಯೂಟ್ರಲ್ ಪಾಯಿಂಟ್ ಎಂಬ ಬಿಂದುವಿಗಿಂತ ಮುಂದಿರಬೇಕು. ಹಿಂದೆ ಹೋದರೆ ಸಣ್ಣ ಅಲುಗಾಟವೂ ಬೆಳೆಯುತ್ತಲೇ ಹೋಗುತ್ತದೆ. ರೆಕ್ಕೆಯ ಮುಂದಿನ ಅಂಚಿನಿಂದ 1.5 ಅಡಿಯಷ್ಟು ಹಿಂದಕ್ಕೆ, ಅಂದರೆ ಅಗಲದ ಸುಮಾರು 29%ಕ್ಕೆ ತಂದಾಗ ಅದೇ ವಿಮಾನ ಕೈ ಬಿಟ್ಟರೂ ನೆಟ್ಟಗೆ ಹಾರಿತು. ಕಬ್ ಅನ್ನು ಒಬ್ಬರೇ ಹಾರಿಸುವಾಗ ಹಿಂದಿನ ಆಸನದಲ್ಲಿ ಕೂರಬೇಕೆಂಬ ನಿಯಮದ ಅರ್ಥವೂ ಆಗಲೇ ಮನಸ್ಸಿಗೆ ಇಳಿದದ್ದು. ಎಂಜಿನ್ನೂ 12 ಗ್ಯಾಲನ್ನಿನ ಇಂಧನ ತೊಟ್ಟಿಯೂ ಮುಂದಿವೆ. ಚಾಲಕನೂ ಮುಂದೆ ಕುಳಿತರೆ ಮೂಗು ಭಾರವಾಗುತ್ತದೆ. ಪ್ಲೇನ್ ಮೇಕರ್‌ನಲ್ಲಿ ಚಾಲಕನ ಕಣ್ಣಿನ ಸ್ಥಾನವನ್ನೂ ಅದಕ್ಕೆ ತಕ್ಕಂತೆ ಹಿಂದಕ್ಕೆ ಇಟ್ಟೆ. ಹಿಂದಿನ ಆಸನದಿಂದ ರನ್‌ವೇ ಎಷ್ಟು ಕಡಿಮೆ ಕಾಣುತ್ತದೆ ಎಂಬುದು ತಿಳಿದದ್ದು ಹಾಗೆ.

ವೇಗದ ಲೆಕ್ಕ ಇನ್ನೊಂದು ಪಾಠವಾಯಿತು. ನಿಜವಾದ ಕಬ್ ಸಮತಟ್ಟಾದ ಹಾರಾಟದಲ್ಲಿ ಗಂಟೆಗೆ 87 ಮೈಲಿಗಿಂತ ಮುಂದೆ ಹೋಗುವುದಿಲ್ಲ. ನನ್ನದು 97ಕ್ಕೆ ಹೋಗುತ್ತಿತ್ತು. ಹತ್ತು ಮೈಲಿ ಸಣ್ಣ ವ್ಯತ್ಯಾಸವೆನ್ನಿಸಬಹುದು. ಆದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ; 87ರಿಂದ 97ಕ್ಕೆ ಹೋಗಲು ಸುಮಾರು 39% ಹೆಚ್ಚು ಶಕ್ತಿ ಬೇಕು. ಎಂಜಿನ್ ಬದಲಾಗಿಲ್ಲವಾದ್ದರಿಂದ ನನ್ನ ವಿಮಾನದಲ್ಲಿ ಇರಬೇಕಾದ ಗಾಳಿಯ ತಡೆಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಕಾಣೆಯಾಗಿದೆ ಎಂದಾಯಿತು. ಕಾಣೆಯಾದದ್ದು ರೆಕ್ಕೆಗೆ ಆಸರೆಯಾಗಿ ನಿಂತ ಕಂಬಿಗಳು, ಚಕ್ರದ ಕಾಲುಗಳು, ಮತ್ತು ಎಂಜಿನ್ನಿನ ಎರಡೂ ಬದಿಗೆ ಹೊರಚಾಚಿದ ಸಿಲಿಂಡರುಗಳು. ಕಂಬಿಗಳನ್ನು ಹೆಚ್ಚುವರಿ ಸಣ್ಣ ರೆಕ್ಕೆಗಳಾಗಿ ಸೇರಿಸಲು ಪ್ಲೇನ್ ಮೇಕರ್ ಅವಕಾಶ ಕೊಡುತ್ತದೆ. ಒಡಲಿಗೆ ಡ್ರ್ಯಾಗ್ ಗುಣಾಂಕವೊಂದಿದೆ. ಕಂಬಿಗಳನ್ನೂ ಚಕ್ರಗಳನ್ನೂ ನಿಜದ ಅಳತೆಯಲ್ಲಿ ಸೇರಿಸಿ, ಉಳಿದ ಸ್ವಲ್ಪವನ್ನು ಮಾತ್ರ ಒಡಲಿನ ಗುಣಾಂಕದಿಂದ ಸರಿದೂಗಿಸಿದೆ. ಆ ಗುಣಾಂಕ ಒಂದನ್ನೇ ಏರಿಸಿ ಎಲ್ಲವನ್ನೂ ಮುಚ್ಚಿಹಾಕುವುದು ಸುಲಭ, ಆದರೆ ಹಾಗೆ ಮಾಡಿದರೆ ಓರೆಯಾಗಿ ಜಾರುತ್ತ ಇಳಿಯುವಾಗ ವಿಮಾನದ ವರ್ತನೆ ಕೆಡುತ್ತದೆ.

ಎಂಜಿನ್ ವಿಷಯದಲ್ಲಿ ಪ್ಲೇನ್ ಮೇಕರ್ ಕೇಳುವುದು ಶಕ್ತಿ, ಗರಿಷ್ಠ ಸುತ್ತು, ಪ್ರೊಪೆಲ್ಲರಿನ ಅಳತೆ ಮತ್ತು ಅಲಗಿನ ಓರೆ. ಆರು ಅಡಿ ವ್ಯಾಸದ ಪ್ರೊಪೆಲ್ಲರ್ 2,300 ಸುತ್ತುಗಳಲ್ಲಿ ತಿರುಗುವಾಗ ಅದರ ತುದಿ ಸೆಕೆಂಡಿಗೆ 720 ಅಡಿ ವೇಗದಲ್ಲಿರುತ್ತದೆ. ಶಬ್ದದ ವೇಗಕ್ಕಿಂತ ಸಾಕಷ್ಟು ಕಡಿಮೆ, ಆದ್ದರಿಂದ ಅಲ್ಲಿ ತೊಂದರೆ ಇರಲಿಲ್ಲ. ಪರೀಕ್ಷೆಗೆ ಏರುವ ವೇಗವನ್ನು ಬಳಸಿದೆ. ಪೂರ್ಣ ತೂಕದ ಕಬ್ ನಿಮಿಷಕ್ಕೆ ಸುಮಾರು 450 ಅಡಿ ಏರುತ್ತದೆ. ಬರಿಯ ಎತ್ತುವ ಕೆಲಸಕ್ಕೆ ಬೇಕಾದದ್ದು 16.6 ಅಶ್ವಶಕ್ತಿ, ಉಳಿದದ್ದು ಗಾಳಿಯ ತಡೆಯಲ್ಲೂ ಪ್ರೊಪೆಲ್ಲರಿನ ನಷ್ಟದಲ್ಲೂ ಹೋಗುತ್ತದೆ. ಗರಿಷ್ಠ ವೇಗ ಸರಿಯಾಗಿದ್ದು ಏರುವಿಕೆ ಮಾತ್ರ ತಪ್ಪಿದ್ದರೆ ದೋಷ ಅಲಗಿನ ಓರೆಯಲ್ಲಿದೆ, ಎರಡೂ ಒಂದೇ ದಿಕ್ಕಿಗೆ ತಪ್ಪಿದ್ದರೆ ಶಕ್ತಿಯಲ್ಲೋ ಡ್ರ್ಯಾಗ್‌ನಲ್ಲೋ ಇದೆ ಎಂಬ ಒಂದು ಸೂತ್ರ ನನಗೆ ಬಹಳ ಸಹಾಯ ಮಾಡಿತು. ಇಂಥ ಪರೀಕ್ಷೆಗಳಿಗೆ ಹಾರಾಟದ ಅಂಕಿಗಳನ್ನು ಪರದೆಯ ಮೇಲೆ ತೋರಿಸುವ, ಕಡತಕ್ಕೆ ಬರೆಯುವ ಎಕ್ಸ್-ಪ್ಲೇನ್‌ನ ಸೌಲಭ್ಯ ಅತ್ಯುತ್ತಮವಾಗಿದೆ. ವಿಮಾನದ ಪ್ರತಿ ತುಂಡಿನ ಮೇಲಿನ ಬಲವನ್ನು ರೇಖೆಗಳಾಗಿ ತೋರಿಸುವ ನೋಟವನ್ನಂತೂ ಎಲ್ಲರೂ ಒಮ್ಮೆ ನೋಡಬೇಕು. ಸ್ಟಾಲ್ ಆಗುವಾಗ ರೆಕ್ಕೆಯ ಯಾವ ಭಾಗ ಮೊದಲು ಸೋಲುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ನೆಲದ ಮೇಲಿನ ನಡತೆಗೆ ನಾನು ಹೆಚ್ಚು ದಿನ ಕೊಡಲಿಲ್ಲ. ಬಾಲಚಕ್ರದ ವಿಮಾನದಲ್ಲಿ ಮುಖ್ಯ ಚಕ್ರಗಳು ಗುರುತ್ವ ಕೇಂದ್ರಕ್ಕಿಂತ ಮುಂದಿರಬೇಕು, ಆದರೆ ಬ್ರೇಕ್ ಒತ್ತಿದರೆ ಮುಗ್ಗರಿಸುವಷ್ಟು ಹತ್ತಿರವಿರಬಾರದು. ಇದನ್ನು ಪಾಲಿಸಿದರೆ ಸಾಕು. ರನ್‌ವೇ ಮೇಲೆ ಎಡಕ್ಕೆ ಎಳೆಯುವ ಸ್ವಭಾವ ಪ್ರೊಪೆಲ್ಲರಿನ ಲೆಕ್ಕದಿಂದ ತಾನಾಗಿಯೇ ಬರುತ್ತದೆ.

ಬೇರೆ ದಾರಿಗಳೂ ಇವೆ. ಮುಕ್ತ ತಂತ್ರಾಂಶವಾದ ಫ್ಲೈಟ್‌ಗಿಯರ್‌ನಲ್ಲಿ ಜೆಎಸ್‌ಬಿಸಿಮ್ ಎಂಬ ವಿಧಾನ ಬಲಗಳ ಗುಣಾಂಕಗಳನ್ನು ಕೋಷ್ಟಕಗಳಾಗಿ ಕೇಳುತ್ತದೆ. ಗಾಳಿಸುರಂಗದ ದಾಖಲೆಗಳು ಕೈಯಲ್ಲಿದ್ದವರಿಗೆ ಅದು ಪ್ಲೇನ್ ಮೇಕರ್‌ಗಿಂತ ನಿಖರ. ಅಲ್ಲೇ ಇರುವ ಯಾಸಿಮ್ ಆಕಾರವನ್ನು ಕೇಳಿ, ಜೊತೆಗೆ ಹಾರಾಟದ ಮತ್ತು ಇಳಿಯುವಿಕೆಯ ವೇಗಗಳನ್ನೂ ಪಡೆದು, ನಡುವಿನ ಗುಣಾಂಕಗಳನ್ನು ತಾನೇ ಬಿಡಿಸಿಕೊಳ್ಳುತ್ತದೆ. ಬೇಗನೆ ಹಾರಾಟಕ್ಕೆ ಸಿದ್ಧವಾಗುವ ವಿಮಾನ ಬೇಕಾದವರಿಗೆ ಇದು ಹಿತ. ಆದರೆ ಫಲಿತಾಂಶವನ್ನು ಮೊದಲೇ ಕೊಟ್ಟುಬಿಟ್ಟರೆ ನನ್ನ ಸ್ಟಾಲ್ ವೇಗದ ಪಾಠದಂಥದ್ದು ಸಿಗುವುದು ಕಷ್ಟ. 2020ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೂ ವಿಮಾನ ಕಟ್ಟುವ ಸಲಕರಣೆಗಳಿವೆ. ಅಲ್ಲಿ ಹೊರನೋಟದ ಕೆಲಸವೇ ದೊಡ್ಡದಾಗುವುದರಿಂದ, ಮೊದಲ ಬಾರಿಗೆ ಕಟ್ಟುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಪ್ಲೇನ್ ಮೇಕರ್‌ನ ಮುಖಚಹರೆ ಅಕ್ಕರೆಯಿಂದ ಸ್ವಾಗತಿಸುವಂಥದ್ದಲ್ಲ. ಒಂದೊಂದು ಕಿಟಕಿಯಲ್ಲೂ ಹತ್ತಾರು ಚೌಕಗಳು, ಎಲ್ಲವೂ ಸಂಖ್ಯೆಗಳನ್ನು ಕೇಳುವಂಥವು. ಯಾವುದು ಅಗತ್ಯ, ಯಾವುದನ್ನು ಸದ್ಯಕ್ಕೆ ಬಿಡಬಹುದು ಎಂಬ ಗುರುತು ಇಲ್ಲ. ಹೊಸಬರಿಗೆ ನನ್ನ ಸಲಹೆಯೆಂದರೆ, ಜೊತೆಗೆ ಬರುವ ಸಣ್ಣ ವಿಮಾನವೊಂದರ ಕಡತವನ್ನು ನಕಲು ಮಾಡಿ ತೆರೆದು, ಪ್ರತಿ ಚೌಕದಲ್ಲಿ ಏನಿದೆ ಎಂದು ಒಂದು ವಾರ ಬರಿದೇ ಓದುವುದು. ಆಮೇಲೆ ಸ್ವಂತದ್ದನ್ನು ಖಾಲಿ ಕಡತದಿಂದಲೇ ಆರಂಭಿಸಬೇಕು. ಬೇರೆ ವಿಮಾನವನ್ನು ತಿದ್ದುತ್ತ ಹೋದರೆ ಅದರ ಹಳೆಯ ಅಂಕಿಯೊಂದು ಎಲ್ಲೋ ಉಳಿದುಕೊಂಡು ತಿಂಗಳ ನಂತರ ಕಾಡುತ್ತದೆ. ಒಂದು ಬಾರಿಗೆ ಒಂದೇ ಅಂಕಿಯನ್ನು ಬದಲಿಸಿ, ಹಾರಿಸಿ, ಫಲಿತಾಂಶವನ್ನು ದಿನಾಂಕದೊಂದಿಗೆ ಬರೆದಿಟ್ಟು, ಕಡತವನ್ನು ಹೊಸ ಹೆಸರಿನಲ್ಲಿ ಉಳಿಸಬೇಕು. ನನ್ನ ಬಳಿ ಈಗ ಕಬ್‌ನ 61 ಕಡತಗಳಿವೆ. ಅವುಗಳಲ್ಲಿ ಕೆಲವಕ್ಕೆ ಮರಳಿ ಹೋಗಿ, ಎಲ್ಲಿ ದಾರಿ ತಪ್ಪಿತೆಂದು ನೋಡಲು ಸಾಧ್ಯವಾಗಿದ್ದರಿಂದಲೇ ಕೆಲಸ ಮುಗಿಯಿತು.

ಹೊರನೋಟವನ್ನು ನಾನು ಕೊನೆಗೆ ಮುಟ್ಟಿದೆ. ಪ್ಲೇನ್ ಮೇಕರ್‌ನಲ್ಲೇ ಒಡಲಿನ ಅಡ್ಡಕೊಯ್ತಗಳನ್ನು ಎಳೆದು ಆಕಾರ ಕೊಡಬಹುದು. ಗಾಳಿಯ ಲೆಕ್ಕಕ್ಕೆ ಅಷ್ಟು ಸಾಕು, ಕಣ್ಣಿಗೆ ಸಾಲದು. ಕಣ್ಣಿಗೆ ಬೇಕಾದುದನ್ನು ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಕಟ್ಟಿ, ಎಕ್ಸ್‌ಪ್ಲೇನ್‌ಟುಬ್ಲೆಂಡರ್ ಎಂಬ ಸೇರ್ಪಡೆಯ ಮೂಲಕ ತಂದು ಅಂಟಿಸಬೇಕಾಗುತ್ತದೆ. ಬಟ್ಟೆ ಹೊದಿಸಿದ ರೆಕ್ಕೆಯ ಕೆಳಗೆ ಎದ್ದು ಕಾಣುವ ಪಕ್ಕೆಲುಬುಗಳು, ಇಂಧನ ತೊಟ್ಟಿಯ ಮುಚ್ಚಳದಿಂದ ಎದ್ದು ನಿಂತು ಇಂಧನದ ಮಟ್ಟ ತೋರಿಸುವ ತಂತಿ, ಮೇಲಕ್ಕೂ ಕೆಳಕ್ಕೂ ತೆರೆದುಕೊಳ್ಳುವ ಎರಡು ಹೋಳಿನ ಬಾಗಿಲು ಇವೆಲ್ಲಕ್ಕೆ ಐದು ವಾರ ಬೇಕಾಯಿತು, ಮತ್ತು ಆ ಐದು ವಾರಗಳೂ ಸಂತೋಷದ್ದಾಗಿದ್ದವು. ಎಲ್ಲ ಅಂಟಿಸಿ ಮುಗಿಸಿದ ದಿನ 1,220 ಪೌಂಡ್ ತೂಕ ತುಂಬಿ, ಹೊರನೋಟವಿಲ್ಲದ ಹಿಂದಿನ ಕಡತವನ್ನೂ ಈಗಿನದನ್ನೂ ಒಂದೇ ಹವಾಮಾನದಲ್ಲಿ ಒಂದರ ಹಿಂದೆ ಒಂದು ಹಾರಿಸಿದೆ. ಏರುವ ವೇಗ ಎರಡರಲ್ಲೂ ನಿಮಿಷಕ್ಕೆ 450 ಅಡಿ.